ಎತ್ತಿದ ಕೈಗೆ ಏಟು



ನಮ್ಮ ನಾರಾಯಣಗೂಡ ಚೌರಸ್ತೆಯಿಂದ ಹಿಮಾಯತ್‌ನಗರದ ದಾರಿ ಹಿಡಿದು ಲಿಬರ್ಟಿ ದಾಟಿ ಟ್ಯಾಂಕ್‌ಬಂಡ್ ಕಡೆ ತಿರುಗಿದರೆ ಮಹಾನಗರ ಪಾಲಿಕೆಯ ಮುಖ್ಯ ಕಚೇರಿ ಸಿಗುತ್ತದೆ. ಆ ಕಟ್ಟಡವನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ಸಾವಿರ ಸಲ ನೋಡಿದ್ದೇವೆ. 2021ರ ಫೆಬ್ರವರಿ 11ರಂದು ಅಲ್ಲಿ ಮೇಯರ್ ಆಯ್ಕೆ ನಡೆಯಿತು. ಹಿಂದಿನ ಡಿಸೆಂಬರಿನ ಚುನಾವಣೆಯಲ್ಲಿ 150 ವಾರ್ಡುಗಳ ಪೈಕಿ ಟಿಆರ್‌ಎಸ್‌ಗೆ 56, ಬಿಜೆಪಿಗೆ 48, ಮಜ್ಲಿಸ್‌ಗೆ 44, ಕಾಂಗ್ರೆಸ್ಸಿಗೆ 2 ಬಂದಿದ್ದವು. ಯಾರಿಗೂ ಪೂರ್ತಿ ಬಹುಮತವಿಲ್ಲ. ಆದರೂ ಆ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಮಜ್ಲಿಸ್ ಬೆಂಬಲದಿಂದ ಟಿಆರ್‌ಎಸ್‌ನ ಗದ್ವಾಲ್ ವಿಜಯಲಕ್ಷ್ಮಿ ಮೇಯರ್ ಆದರು. ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ, ಮರೆಯಿಲ್ಲ. ಸದಸ್ಯರು ಕೈ ಎತ್ತಿದರು, ಅಧಿಕಾರಿಗಳು ಎಣಿಸಿದರು.

ಆ ವಾರ ನಮಗೆ ಫೋನ್ ಮಾಡಿದ ಹಿರಿಯ ಕೇಳುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಆಳಂದ ಕಡೆಯವರು, ಹೈದರಾಬಾದಿಗೆ ಬಂದು ನಲವತ್ತು ವರ್ಷ ಆದರೂ ಮಾತಿನಲ್ಲಿ ಊರು ಹಾಗೇ ಇದೆ. "ಅಲ್ರೀ ಅಣ್ಣಾರ, ಮಂದಿ ಮುಂದ ಕೈ ಎತ್ತಬೇಕಂತ, ಪಾರ್ಟಿ ಹೇಳಿದಂಗ ಎತ್ತದಿದ್ರ ಮೆಂಬರಗಿರಿನೇ ಹೋಗ್ತದಂತ. ಹಂಗಿದ್ರ ಓಟು ಅಂತ ಯಾಕ ಕರೀತಾರ ಅದಕ್ಕ?" ಕಾರ್ಯಕ್ರಮದ ಸಮಯ ಮುಗಿಯುತ್ತಾ ಬಂದಿತ್ತು. ಏನೋ ಒಂದು ಹೇಳಿ ಹಾಡು ಹಾಕಿಬಿಟ್ಟೆ. ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಇವತ್ತು ಅದಕ್ಕೆ ಉತ್ತರ ಕೊಡುವ ಪ್ರಯತ್ನ. ಸ್ವಲ್ಪ ಉದ್ದವಾಗಬಹುದು, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ಆ ಹಿರಿಯರು ಹೇಳಿದ್ದರ ಸಂಗತಿ. ನಿಮ್ಮಲ್ಲಿ ಕೆಲವರಿಗೆ 2002ರ ಚುನಾವಣೆ ನೆನಪಿರಬಹುದು. ಆಗ ಹೈದರಾಬಾದಿನ ಮೇಯರನ್ನು ನಾವೇ ನೇರವಾಗಿ ಆರಿಸಿದ್ದೆವು, ತೀಗಲ ಕೃಷ್ಣಾರೆಡ್ಡಿ ಗೆದ್ದಿದ್ದರು. ಆಮೇಲೆ ನಿಯಮ ಬದಲಾಗಿ ಮೇಯರ್ ಆಯ್ಕೆ ಸದಸ್ಯರ ಕೈಗೆ ಹೋಯಿತು. ಅದರ ಜೊತೆಗೇ ವಿಪ್ ಬಂತು. ಪಕ್ಷದ ವಿಪ್ ಮೀರಿ ಕೈ ಎತ್ತಿದ ಸದಸ್ಯರು ಸದಸ್ಯತ್ವ ಕಳೆದುಕೊಳ್ಳುತ್ತಾರೆ. ಮಂಡಲ ಪರಿಷತ್ತು, ಜಿಲ್ಲಾ ಪರಿಷತ್ತುಗಳ ಅಧ್ಯಕ್ಷರ ಆಯ್ಕೆಗೂ ಆಂಧ್ರದ 1994ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಇದೇ ವ್ಯವಸ್ಥೆ ಇತ್ತು. ಪಕ್ಷದ ವಿಪ್ ಪಾಲಿಸಿ ಕೈ ಎತ್ತುವ ಮೂಲಕ ಆಯ್ಕೆ ಎಂದು ಕಾಯ್ದೆಯ ವಾಕ್ಯದಲ್ಲೇ ಇದೆ. ಇದರಲ್ಲೊಂದು ತಮಾಷೆ ಇದೆ, ನೋಡಿ. ವಿಪ್ ಮೀರಿದವರ ಸದಸ್ಯತ್ವ ಹೋದರೂ ಅವರು ಹಾಕಿದ ಮತ ಲೆಕ್ಕದಿಂದ ಹೋಗುವುದಿಲ್ಲ. ಓಟು ಊರ್ಜಿತ, ಓಟು ಹಾಕಿದವರು ಅನೂರ್ಜಿತ!

ವಿಪ್ ಎಂಬ ಮಾತು ಬಂದದ್ದು ಇಂಗ್ಲೆಂಡಿನ ನರಿಬೇಟೆಯಿಂದ. ಬೇಟೆನಾಯಿಗಳ ಹಿಂಡು ಚದುರದಂತೆ ಚಾವಟಿ ಹಿಡಿದು ಓಡುವವನು ಒಬ್ಬನಿರುತ್ತಿದ್ದ. ಅವನ ಕೆಲಸದ ಹೆಸರು ಪಾರ್ಲಿಮೆಂಟಿಗೆ ಬಂತು, ಅಲ್ಲಿಂದ ನಮ್ಮ ಪುರಸಭೆಗೂ ಬಂತು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬಲ ಸಿಕ್ಕಿದ ಕತೆ ನಿಮಗೆ ಗೊತ್ತಿರುವುದೇ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿದರು, 'ಆಯಾರಾಮ್ ಗಯಾರಾಮ್' ಎಂಬ ಮಾತು ಹುಟ್ಟಿತು. ಆ ರೋಗಕ್ಕೆ 1985ರಲ್ಲಿ ಸಂವಿಧಾನದ ಹತ್ತನೇ ಅನುಸೂಚಿ ಎಂಬ ಔಷಧ ಬಂತು. ಆದರೆ ಅದು ಸಂಸದರಿಗೆ, ಶಾಸಕರಿಗೆ ಮಾತ್ರ. ಪುರಸಭೆ ಸದಸ್ಯರಿಗೆ ಅದು ತಟ್ಟುವುದಿಲ್ಲ. ಅವರಿಗಾಗಿ ರಾಜ್ಯಗಳು ಬೇರೆ ಕಾಯ್ದೆ ಮಾಡಿದವು. ಮಹಾರಾಷ್ಟ್ರ 1986ರಲ್ಲಿ ಮಾಡಿತು, ನಮ್ಮ ಕರ್ನಾಟಕ 1987ರಲ್ಲಿ.

ಆ 1987 ಸಣ್ಣ ವರ್ಷವಲ್ಲ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬರು ಪಂಚಾಯತ್ ರಾಜ್ ಮಂತ್ರಿ. ಆ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ ಸಿಕ್ಕಿತು. ಮಹಿಳೆಯರಿಗೆ ಕಾಲು ಭಾಗ ಸ್ಥಾನ ಮೀಸಲು. ಬೆಂಗಳೂರಿನ ಅಧಿಕಾರ ಜಿಲ್ಲೆಗೆ, ಹಳ್ಳಿಗೆ ಇಳಿದು ಬಂದ ವರ್ಷ ಅದು. ಅಧಿಕಾರ ಇಳಿದ ಕೂಡಲೇ ಅದನ್ನು ಕೊಳ್ಳುವ ಮಾರುವ ಸಂತೆಯೂ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅದೇ ವರ್ಷ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆಯೂ ಬಂತು. ಪಕ್ಷದ ನಿರ್ದೇಶನ ಮೀರಿ ಮತ ಹಾಕಿದರೆ, ಅಥವಾ ಹಾಕದೆ ಸುಮ್ಮನೆ ಕೂತರೆ, ಪಕ್ಷ ಹದಿನೈದು ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವ ಹೋಗುತ್ತದೆ. ಗ್ರಾಮ ಪಂಚಾಯತಿಗಳಿಗೆ ಇದು ಅನ್ವಯವಾಗುವುದಿಲ್ಲ, ಯಾಕೆಂದರೆ ಕರ್ನಾಟಕದಲ್ಲಿ ಆ ಚುನಾವಣೆಗಳು ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಕಾಸರಗೋಡಿನ ನಮ್ಮ ಕನ್ನಡಿಗರ ಪಾಡು ಬೇರೆ. ಅಲ್ಲಿ ಗ್ರಾಮ ಪಂಚಾಯತಿಗೂ ಪಕ್ಷವೇ. ಕೇರಳದ 1999ರ ಕಾಯ್ದೆಯ ಪ್ರಕಾರ ವಿಪ್ ಮೀರಿದ ಪಂಚಾಯತ್ ಸದಸ್ಯರು ಸ್ಥಾನ ಕಳೆದುಕೊಳ್ಳುವುದಲ್ಲದೆ ಆರು ವರ್ಷ ಚುನಾವಣೆಗೆ ನಿಲ್ಲುವಂತೆಯೂ ಇಲ್ಲ.

ಈ ಕಾಯ್ದೆ ತಪ್ಪು ಎಂದು ನಾನು ಹೇಳಲಾರೆ. ಪಕ್ಷದ ಚಿಹ್ನೆ ತೋರಿಸಿ ಗೆದ್ದು, ಮರುವಾರ ರೆಸಾರ್ಟಿನಲ್ಲಿ ಇನ್ನೊಂದು ಪಕ್ಷದ ಖರ್ಚಿನಲ್ಲಿ ಉಂಡು ಮಲಗಿ ಬರುವವರನ್ನು ಕಂಡು ಬೇಸತ್ತವರಲ್ಲಿ ನಾನೂ ಒಬ್ಬ. ಶಾಸಕರ ಪಕ್ಷಾಂತರ ನಿಷೇಧವನ್ನು 1992ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಆ ಬಹುಮತದ ತೀರ್ಪು ಬರೆದವರು ನಮ್ಮ ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯನವರು. ಐವರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಎತ್ತಿ ಹಿಡಿಯುವಾಗಲೂ ಅವರು ಒಂದು ಗೆರೆ ಎಳೆದರು: ಸ್ಥಾನ ಕಳೆಯುವಂಥ ವಿಪ್ ಸರ್ಕಾರದ ಅಳಿವು ಉಳಿವಿನ ಮತಕ್ಕೆ, ಇಲ್ಲವೇ ಪಕ್ಷದ ಮುಖ್ಯ ನೀತಿಗೆ ಸೀಮಿತವಾಗಿರಬೇಕು, ಉಳಿದದ್ದರಲ್ಲಿ ಸದಸ್ಯರ ಮಾತಿಗೆ ಜಾಗ ಬೇಕು. ಮಹಾರಾಷ್ಟ್ರದ ಪುರಸಭೆಯೊಂದರ ಪ್ರಕರಣದಲ್ಲಿ 2000ದಲ್ಲಿ ಅದೇ ನ್ಯಾಯಾಲಯ ಮತ್ತೊಂದು ಮಾತು ಸೇರಿಸಿತು: ಜನ ಆರಿಸಿದವರ ಸ್ಥಾನ ಕಳೆಯುವ ಕಾಯ್ದೆಯಾದ್ದರಿಂದ ಅಕ್ಷರಶಃ ಪಾಲಿಸಬೇಕು, ವಿಪ್ ಕೊಡುವ ಅಧಿಕಾರ ಯಾರಿಗಿದೆಯೋ ಅವರೇ ಕೊಟ್ಟಿರಬೇಕು.

ಕಾಗದದ ಮೇಲಿನ ಮಾತು ಹೀಗೆ. ನೆಲದ ಮೇಲೆ ಏನಾಗುತ್ತದೆ ಎಂಬುದಕ್ಕೆ 2020ರ ನವೆಂಬರಿನಲ್ಲಿ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಪುರಸಭೆಯ ಅಧ್ಯಕ್ಷ ಚುನಾವಣೆಯ ದಿನ ಟಿವಿಯಲ್ಲಿ ಬಂದ ದೃಶ್ಯ ಸಾಕು. ತಮ್ಮ ಪಕ್ಷದ ವಿರುದ್ಧ ಮತ ಹಾಕಬಹುದು ಎಂಬ ಅನುಮಾನದ ಮೇಲೆ ಸದಸ್ಯೆಯನ್ನು ಮೆಟ್ಟಿಲ ಮೇಲೇ ತಡೆದು ನೂಕಾಡಿದ್ದನ್ನು ರಾಜ್ಯವೆಲ್ಲ ನೋಡಿತು. ಮತ ಹಾಕಿದ ಮೇಲೆ ಶಿಕ್ಷೆ ಕೊಡುವ ಕಾಯ್ದೆ ಇದ್ದೇ ಇತ್ತು. ಮತ ಹಾಕುವವರೆಗೆ ಕಾಯುವ ತಾಳ್ಮೆ ಇರಲಿಲ್ಲ.

ಇದು ಪಕ್ಷದ ಚಾವಟಿಯ ಮಾತಾಯಿತು. ಸ್ಥಳೀಯ ಸದಸ್ಯರ ಬೆನ್ನ ಮೇಲೆ ಇನ್ನೊಂದು ಚಾವಟಿ ಇದೆ, ಅದು ಸರ್ಕಾರದ್ದು. ನಿಜ ಹೇಳಬೇಕೆಂದರೆ ಇವತ್ತು ನಾನು ಬರೆಯಲು ಕೂತದ್ದೇ ಅದರ ಬಗ್ಗೆ. ಅದು ನಮಗೆ, ಕನ್ನಡಿಗರಿಗೆ, ಎರಡು ಕಡೆಯಿಂದಲೂ ಗೊತ್ತಿರುವ ಚಾವಟಿ.

2005ರ ಅಕ್ಟೋಬರ್ ಕೊನೆಯ ದಿನಗಳು. ಬೆಳಗಾವಿ ಆಗಿನ್ನೂ ಸರ್ಕಾರಿ ಕಾಗದದಲ್ಲಿ ಬೆಳಗಾಂ ಆಗಿತ್ತು. ಅಲ್ಲಿನ ಮಹಾನಗರ ಪಾಲಿಕೆಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೆಂಬಲಿಗರದ್ದೇ ಮೇಲುಗೈ. ಹಿಂದಿನ ವರ್ಷವಷ್ಟೇ, 2004ರ ಮಾರ್ಚಿನಲ್ಲಿ, ಮಹಾರಾಷ್ಟ್ರ ಸರ್ಕಾರ ಗಡಿ ಬದಲಿಸಬೇಕೆಂದು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತ್ತು. ಆ ಬಿಸಿಯಲ್ಲಿ ಪಾಲಿಕೆ ಒಂದು ಠರಾವು ಪಾಸು ಮಾಡಿತು: ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕು.

ಮುಂದಿನದನ್ನು ನಿಮ್ಮಲ್ಲಿ ಬಹಳ ಜನ ಪತ್ರಿಕೆಯಲ್ಲಿ ಓದಿದ್ದೀರಿ. ಕರ್ನಾಟಕದಲ್ಲಿ ಕಿಡಿ ಹೊತ್ತಿತು. ನವೆಂಬರಿನಲ್ಲಿ ಮೇಯರ್ ವಿಜಯ ಮೋರೆ ಬೆಂಗಳೂರಿಗೆ ಬಂದಾಗ ಕನ್ನಡ ಪರ ಕಾರ್ಯಕರ್ತರು ಅವರ ಮುಖಕ್ಕೆ ಕಪ್ಪು ಬಣ್ಣ ಬಳಿದರು. ಅದೇ ತಿಂಗಳು ಧರ್ಮಸಿಂಗ್ ಅವರ ಸರ್ಕಾರ, ಹೌದು, ನಮ್ಮ ಜೇವರ್ಗಿಯ ಧರ್ಮಸಿಂಗ್ ಅವರೇ, ಕರ್ನಾಟಕ ಪೌರ ನಿಗಮಗಳ 1976ರ ಕಾಯ್ದೆಯ ಅಧಿಕಾರ ಬಳಸಿ ಪಾಲಿಕೆಯನ್ನೇ ವಿಸರ್ಜಿಸಿತು.

ಆ ಸುದ್ದಿ ಬಂದ ದಿನ ನಾನು ನಾರಾಯಣಗೂಡದ ಒಂದು ಇರಾನಿ ಹೋಟೆಲಿನಲ್ಲಿ ಗೆಳೆಯರ ಜೊತೆ ಕೂತಿದ್ದೆ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆಯಿಂದ ಬಂದಿದ್ದ ಇಬ್ಬರು, ಬೀದರಿನ ಒಬ್ಬರು, ರಾಯಚೂರಿನ ಒಬ್ಬರು. ಎಲ್ಲರೂ ಖುಷಿಪಟ್ಟೆವು. ಇನ್ನೊಂದು ಸುತ್ತು ಚಹಾ, ಉಸ್ಮಾನಿಯಾ ಬಿಸ್ಕತ್ತು ತರಿಸಿದೆವು. ತಕ್ಕ ಶಾಸ್ತಿ ಆಯಿತು ಎಂದೆವು. ನಾನೂ ಎಂದೆ. ಬೆಳಗಾವಿ ಕರ್ನಾಟಕದ್ದು ಎಂಬುದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. 1967ರ ಮಹಾಜನ ವರದಿಯೇ ಅದನ್ನು ಹೇಳಿದೆ. ನನ್ನ ಸಂಶಯ ಬೇರೆಯದು, ಅದು ಬಹಳ ತಡವಾಗಿ ಹುಟ್ಟಿತು.

ಒಂದು ಠರಾವಿಗೆ ಎಷ್ಟು ಬಲವಿದೆ ಹೇಳಿ? ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂವಿಧಾನದ ಮೂರನೇ ವಿಧಿಯ ಪ್ರಕಾರ ಪಾರ್ಲಿಮೆಂಟಿಗೆ ಮಾತ್ರ. ಬೆಳಗಾವಿ ಪಾಲಿಕೆ ನೂರು ಠರಾವು ಮಾಡಿದ್ದರೂ ಒಂದು ಗಜ ನೆಲ ಅತ್ತಿತ್ತ ಆಗುತ್ತಿರಲಿಲ್ಲ. ಪಾಲಿಕೆಯ ಕೆಲಸ ನಲ್ಲಿ ನೀರು, ಚರಂಡಿ, ಬೀದಿ ದೀಪ. ಅದರಾಚೆ ಹೋಗಿ ಅಧಿಕಾರ ಮೀರಿತು ಎನ್ನುವುದು ಸರ್ಕಾರದ ವಾದ. ಒಪ್ಪೋಣ. ಅಧಿಕಾರ ಮೀರಿದ ಠರಾವನ್ನು ರದ್ದು ಮಾಡಬಹುದಿತ್ತಲ್ಲ, ಆ ಅಧಿಕಾರವೂ ಸರ್ಕಾರಕ್ಕಿದೆ. ರದ್ದಾದದ್ದು ಠರಾವಲ್ಲ, ಜನ ಆರಿಸಿದ ಇಡೀ ಸಭೆ.

ಇಡೀ ಸಭೆ ಎಂದೆ, ಗಮನಿಸಿ. ವಿಪ್ ಕಾಯ್ದೆಯಲ್ಲಿ ಮೀರಿದವರಿಗಷ್ಟೇ ಶಿಕ್ಷೆ. ವಿಸರ್ಜನೆಯಲ್ಲಿ ಹಾಗಲ್ಲ. ಠರಾವಿಗೆ ಕೈ ಎತ್ತಿದ ನಗರಸೇವಕರೂ ಮನೆಗೆ ಹೋದರು, ಎತ್ತದ ಕನ್ನಡ ನಗರಸೇವಕರೂ ಮನೆಗೆ ಹೋದರು. ಅವರ ವಾರ್ಡಿನ ನಲ್ಲಿ ಕೆಟ್ಟರೆ ಕೇಳುವವರಿಲ್ಲದೆ ಜನ ಆಡಳಿತಾಧಿಕಾರಿಯ ಬಾಗಿಲಿಗೆ ಹೋಗಬೇಕಾಯಿತು. ಬೆಳಗಾವಿಯ ಸದಸ್ಯರು ಪಕ್ಷದ ಚಿಹ್ನೆಯ ಮೇಲೆ ಗೆದ್ದವರಲ್ಲ, ಆದ್ದರಿಂದ ವಿಪ್ಪಿನ ಚಾವಟಿ ಅವರಿಗೆ ನಿಲುಕುತ್ತಿರಲಿಲ್ಲ. ನಿಲುಕಿದ್ದು ಇದೊಂದೇ. ಅಲ್ಲಿ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆದದ್ದು 2021ರಲ್ಲಿ, 58 ಸ್ಥಾನಗಳಲ್ಲಿ 35 ಬಿಜೆಪಿಗೆ ಬಂದವು, ಏಕೀಕರಣ ಸಮಿತಿ ಬೆರಳೆಣಿಕೆಗೆ ಇಳಿಯಿತು. ಬೆಳಗಾವಿಯ ಮತದಾರರು ತೀರ್ಮಾನ ಮಾಡಿದ್ದು ಹೀಗೆ, ಹದಿನಾರು ವರ್ಷ ತಡವಾಗಿ ನಿಜ, ಆದರೆ ತಾವೇ.

ನಡುವೆ ಇನ್ನೊಂದು ಸಲ ವಿಸರ್ಜನೆ ಆಯಿತು. 2011ರ ನವೆಂಬರ್ 1ರಂದು, ನಾವಿಲ್ಲಿ ರಾಜ್ಯೋತ್ಸವದ ಹಾಡು ಹಾಕುತ್ತಿದ್ದಾಗ, ಬೆಳಗಾವಿಯ ಮೇಯರ್ ಮತ್ತು ಉಪಮೇಯರ್ ಕರಾಳ ದಿನದ ಮೆರವಣಿಗೆಯಲ್ಲಿ ಭಾಗವಹಿಸಿದರು. ಡಿಸೆಂಬರಿನಲ್ಲಿ ಸದಾನಂದ ಗೌಡರ ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತು. ಈ ಸಲ ಮತವೂ ಅಲ್ಲ, ಮೆರವಣಿಗೆ. ಸಂವಿಧಾನದ 243ಯು ವಿಧಿ ಹೇಳುವುದು ಎರಡು ಮಾತು: ವಿಸರ್ಜಿಸುವ ಮುಂಚೆ ಆ ಸಭೆಯ ಮಾತು ಕೇಳಬೇಕು, ವಿಸರ್ಜಿಸಿದ ಆರು ತಿಂಗಳೊಳಗೆ ಚುನಾವಣೆ ಮುಗಿಸಬೇಕು. ಬೆಳಗಾವಿಯಲ್ಲಿ ಮುಂದಿನ ಚುನಾವಣೆ ನಡೆದದ್ದು 2013ರ ಮಾರ್ಚಿನಲ್ಲಿ. ಲೆಕ್ಕ ನೀವೇ ಮಾಡಿ.

2017ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಮಾತು ಬಂತು. ಆಗಿನ ನಗರಾಭಿವೃದ್ಧಿ ಸಚಿವ ರೋಷನ್ ಬೇಗ್ ಬೆಳಗಾವಿಗೆ ಹೋಗಿ, 'ಜೈ ಮಹಾರಾಷ್ಟ್ರ' ಎಂದು ಕೂಗುವ ಜನಪ್ರತಿನಿಧಿಗಳ ಸದಸ್ಯತ್ವ ರದ್ದು ಮಾಡುವ ಕಾಯ್ದೆ ತರುತ್ತೇವೆ ಎಂದರು. ಮಹಾರಾಷ್ಟ್ರದ ಸಾರಿಗೆ ಮಂತ್ರಿ ದಿವಾಕರ ರಾವತೆ ಅದಕ್ಕೆ ಉತ್ತರವಾಗಿ ತಮ್ಮ ಸರ್ಕಾರಿ ಬಸ್ಸುಗಳ ಮೇಲೆ 'ಜೈ ಮಹಾರಾಷ್ಟ್ರ' ಬರೆಸಲು ಹೊರಟರು. ಬಸ್ಸಿಗೆ ಸದಸ್ಯತ್ವ ಇಲ್ಲವಲ್ಲ! ಕಾಯ್ದೆ ಬರಲಿಲ್ಲ, ಮಾತು ಮಾತಿನಲ್ಲೇ ಉಳಿಯಿತು.

ಇದು ನಮ್ಮ ದೇಶದ ರೋಗವೊಂದೇ ಎಂದು ತಿಳಿಯಬೇಡಿ. 1921ರಲ್ಲಿ ಲಂಡನ್ನಿನ ಪೂರ್ವದ ಪಾಪ್ಲರ್ ಎಂಬ ಬಡ ಬಡಾವಣೆಯ ಪುರಸಭೆ, ನಮ್ಮ ಬಡವರಿಂದ ತೆರಿಗೆ ಎತ್ತಿ ಲಂಡನ್ ಕೌಂಟಿಗೆ ಕಟ್ಟುವುದಿಲ್ಲ, ಶ್ರೀಮಂತ ಬಡಾವಣೆಗಳೂ ಭಾರ ಹೊರಲಿ ಎಂದು ತೀರ್ಮಾನಿಸಿತು. ಕೋರ್ಟು ಕಟ್ಟಿ ಎಂದಿತು, ಅವರು ಇಲ್ಲ ಎಂದರು. ಸೆಪ್ಟೆಂಬರಿನಲ್ಲಿ ಜಾರ್ಜ್ ಲ್ಯಾನ್ಸ್‌ಬರಿ ಸೇರಿ ಮೂವತ್ತು ಸದಸ್ಯರು ಜೈಲಿಗೆ ಹೋದರು, ಅವರಲ್ಲಿ ಐವರು ಹೆಂಗಸರು. ಪುರಸಭೆಯ ಸಭೆ ಬ್ರಿಕ್ಸ್‌ಟನ್ ಜೈಲಿನಲ್ಲೇ ನಡೆಯಿತು. ಹೆಂಗಸರನ್ನು ಹಾಲೋವೇ ಜೈಲಿನಿಂದ ವಾಹನದಲ್ಲಿ ಕರೆತರುತ್ತಿದ್ದರು. ಸುಮಾರು ಆರು ವಾರಕ್ಕೆ ಸರ್ಕಾರವೇ ಬಗ್ಗಿತು, ಬಡ ಬಡಾವಣೆಗಳ ಭಾರವನ್ನು ಲಂಡನ್ನಿಗೆಲ್ಲ ಹಂಚುವ ಕಾಯ್ದೆ ಆ ವರ್ಷವೇ ಬಂತು. ಅಮೆರಿಕದಲ್ಲೂ ಇದೆ. ಫ್ಲಾರಿಡಾ ರಾಜ್ಯ 2011ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, ಊರಿನ ಮಟ್ಟದಲ್ಲಿ ಬಂದೂಕಿನ ಮೇಲೆ ನಿರ್ಬಂಧ ತರಲು ಮತ ಹಾಕಿದ ಸ್ಥಳೀಯ ಸದಸ್ಯರಿಗೆ 5,000 ಡಾಲರ್ ವರೆಗೆ ದಂಡ, ಗವರ್ನರ್ ಮನಸ್ಸು ಮಾಡಿದರೆ ಪದವಿಯೂ ಹೋಗಬಹುದು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಟೆನೆಸಿ ರಾಜ್ಯ 2025ರ ಜನವರಿಯಲ್ಲಿ ಇನ್ನೂ ಮುಂದೆ ಹೋಯಿತು. ದಾಖಲೆಯಿಲ್ಲದ ವಲಸಿಗರಿಗೆ ಆಸರೆ ಕೊಡುವ ನೀತಿಯ ಪರ ಮತ ಹಾಕುವುದೇ ಅಪರಾಧ, ಒಂದರಿಂದ ಆರು ವರ್ಷ ಜೈಲು ಎಂಬ ಕಾಯ್ದೆ ಪಾಸು ಮಾಡಿತು. ವಲಸಿಗರಿಗೆ ಆಸರೆ ಕೊಡಬೇಕೋ ಬೇಡವೋ ಎಂಬುದರಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಕೈ ಎತ್ತಿದ್ದಕ್ಕೆ ಜೈಲು ಎಂಬುದನ್ನು ಒಮ್ಮೆ ಯೋಚಿಸಿ ನೋಡಿ.

ಈಗ ನಮ್ಮ ಕಡೆಗೇ ಬರೋಣ. ನಾಂಪಲ್ಲಿಯಲ್ಲಿ ಮುಂಬೈ ರೈಲು ಹತ್ತಿದರೆ ವಾಡಿ, ಶಹಾಬಾದ, ಕಲಬುರಗಿ, ಗಾಣಗಾಪುರ ರೋಡ್ ದಾಟಿ ದುಧನಿ ಬರುತ್ತದೆ, ಆಮೇಲೆ ಅಕ್ಕಲಕೋಟೆ ರೋಡ್. ದುಧನಿಗೆ ಬಂದಾಗ ನೀವು ಮಹಾರಾಷ್ಟ್ರದಲ್ಲಿದ್ದೀರಿ, ಆದರೆ ಪ್ಲಾಟ್‌ಫಾರ್ಮಿನ ಮಾತು ಕನ್ನಡವೇ. ಅಫಜಲಪುರ, ಆಳಂದಗಳಿಗೆ ತಾಗಿಕೊಂಡ ಅಕ್ಕಲಕೋಟೆ ತಾಲೂಕಿನ ಹಳ್ಳಿಹಳ್ಳಿಯಲ್ಲಿ ಕನ್ನಡ ಮನೆಮಾತು. ಮಹಾಜನ ಆಯೋಗ ಈ ತಾಲೂಕನ್ನು ಕರ್ನಾಟಕಕ್ಕೆ ಕೊಡಬೇಕು ಎಂದು ಬರೆದಿತ್ತು. ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರ ಭಾಗವನ್ನೂ. ಯಾವುದೂ ಆಗಲಿಲ್ಲ.

2022ರ ನವೆಂಬರಿನಲ್ಲಿ ಗಡಿಯ ಗಾಳಿ ಮತ್ತೆ ಎದ್ದಿತು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ನಲವತ್ತು ಹಳ್ಳಿಗಳು ಕರ್ನಾಟಕಕ್ಕೆ ಬರಲು ಠರಾವು ಮಾಡಿದ್ದವು ಎಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ಅದು ನೀರಿಲ್ಲದ ಸಿಟ್ಟಿಗೆ 2012ರಲ್ಲಿ ಮಾಡಿದ ಹಳೆಯ ಠರಾವು ಎಂದು ಮಹಾರಾಷ್ಟ್ರದಿಂದ ದೇವೇಂದ್ರ ಫಡ್ನವಿಸ್ ಉತ್ತರ ಕೊಟ್ಟರು. ಇದರ ನಡುವೆ ಅಕ್ಕಲಕೋಟೆ ತಾಲೂಕಿನ ಹನ್ನೊಂದು ಗ್ರಾಮ ಪಂಚಾಯತಿಗಳು ಹೊಸದಾಗಿ ಠರಾವು ಮಾಡಿದವು: ರಸ್ತೆ ಇಲ್ಲ, ನೀರಿಲ್ಲ, ಸೌಕರ್ಯ ಇಲ್ಲ, ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ.

ಡಿಸೆಂಬರಿನಲ್ಲಿ ತಾಲೂಕಿನ ಅಧಿಕಾರಿಗಳಿಂದ ಆ ಪಂಚಾಯತಿಗಳಿಗೆ ನೋಟಿಸು ಬಂತು. ಇಂಥ ಠರಾವು ಮಾಡಿದ ನಿಮ್ಮ ಪಂಚಾಯತಿಯನ್ನು ಯಾಕೆ ವಿಸರ್ಜಿಸಬಾರದು, ಕಾರಣ ತಿಳಿಸಿ.

ನನಗೆ ಆ ಸುದ್ದಿ ಓದಿದಾಗ ಇರಾನಿ ಹೋಟೆಲಿನ ಚಹಾ ನೆನಪಾಯಿತು. ಅದೇ ಮಾತು, ಅದೇ ವಾದ. ಅಧಿಕಾರ ಮೀರಿದ್ದೀರಿ, ನಿಮ್ಮ ಕೆಲಸ ಚರಂಡಿ. ಏಟು ತಿನ್ನುವವರು ಮಾತ್ರ ಈ ಸಲ ನಮ್ಮವರು. ಬೆಳಗಾವಿಯಲ್ಲಿ ಶಾಸ್ತಿ ಎನಿಸಿದ್ದು ಅಕ್ಕಲಕೋಟೆಯಲ್ಲಿ ದಬ್ಬಾಳಿಕೆ ಎನಿಸಿತು. ಎರಡೂ ಒಂದೇ ಕಾಗದ, ಸಹಿ ಮಾತ್ರ ಬೇರೆ.

ನೋಟಿಸು ಬಂದ ಮೇಲೆ ಹೆಚ್ಚಿನ ಪಂಚಾಯತಿಗಳು ಠರಾವು ಹಿಂದಕ್ಕೆ ಪಡೆದವು. ಪಡೆಯದೆ ಏನು ಮಾಡುತ್ತಾರೆ? ಹಳ್ಳಿಯ ಪಂಚಾಯತ್ ಸದಸ್ಯ ಎಂದರೆ ಹೊಲ ಮನೆ ಇಟ್ಟುಕೊಂಡ, ನಾಳೆ ಅದೇ ತಾಲೂಕು ಕಚೇರಿಗೆ ಉತಾರೆ ತರಲು ಹೋಗಬೇಕಾದ ಮನುಷ್ಯ. ಹತ್ತಿರದ ಚಾವಟಿಗೆ ಹೆದರಿಕೆ ಹೆಚ್ಚು. ಹಿಂದಕ್ಕೆ ಪಡೆದ ಠರಾವಿನ ಜೊತೆ ಅದರಲ್ಲಿದ್ದ ರಸ್ತೆ, ನೀರಿನ ಮಾತೂ ಹಿಂದೆ ಸರಿಯಿತು ಎಂಬುದು ನನಗೆ ಹೆಚ್ಚು ನೋವಿನ ಸಂಗತಿ. ಆ ಊರಿನವರಿಗೆ ಬೇಕಾಗಿದ್ದದ್ದು ಭೂಪಟವೋ ರಸ್ತೆಯೋ ಎಂದು ಕೇಳುವ ಒಂದೇ ದಾರಿ ಆ ಠರಾವಾಗಿತ್ತು.

ಅದೇ ಡಿಸೆಂಬರಿನ ಇನ್ನೆರಡು ದಿನಾಂಕ ಬರೆದುಕೊಳ್ಳಿ. 22ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕರ್ನಾಟಕ ವಿಧಾನಸಭೆ ಒಂದಿಂಚು ನೆಲವನ್ನೂ ಬಿಡುವುದಿಲ್ಲ ಎಂದು ನಿರ್ಣಯ ಮಾಡಿತು. 27ರಂದು ನಾಗಪುರದಲ್ಲಿ ಮಹಾರಾಷ್ಟ್ರದ ಶಾಸನಸಭೆ ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿ ಸೇರಿ 865 ಊರುಗಳ ಇಂಚಿಂಚು ನೆಲ ನಮಗೆ ಬರಬೇಕು ಎಂದು ಒಮ್ಮತದಿಂದ ನಿರ್ಣಯ ಮಾಡಿತು. ಗಡಿ ಬದಲಿಸುವ ಅಧಿಕಾರ ಅಕ್ಕಲಕೋಟೆಯ ಪಂಚಾಯತಿಗೆ ಎಷ್ಟಿಲ್ಲವೋ ಆ ಸಭೆಗಳಿಗೂ ಅಷ್ಟೇ ಇಲ್ಲ. ಅಲ್ಲಿ ಕೈ ಎತ್ತಿದವರಿಗೆ ಯಾರೂ ನೋಟಿಸು ಕೊಡಲಿಲ್ಲ. ಕೊಡುವಂತೆಯೂ ಇಲ್ಲ.

ಯಾಕೆ ಎಂದರೆ, ಸಂವಿಧಾನದ 194ನೇ ವಿಧಿಯ ಎರಡನೇ ಭಾಗ. ಶಾಸಕರು ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಯಾವ ಕೋರ್ಟಿನಲ್ಲೂ ಅವರ ಮೇಲೆ ಕ್ರಮ ಇಲ್ಲ. ಸಂಸದರಿಗೆ 105ನೇ ವಿಧಿ ಅದನ್ನೇ ಕೊಡುತ್ತದೆ. ಲಂಚ ತಿಂದು ಹಾಕಿದ ಮತಕ್ಕೆ ಈ ರಕ್ಷಣೆ ಇಲ್ಲ ಎಂದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಹೇಳಿದ್ದಾರೆ, ಅದು ಸರಿಯಾದದ್ದೇ. ಆದರೆ ಪ್ರಾಮಾಣಿಕ ಮತಕ್ಕೆ ಛತ್ರಿ ಇದೆ. 1992ರಲ್ಲಿ 73 ಮತ್ತು 74ನೇ ತಿದ್ದುಪಡಿ ಮಾಡಿ ಪಂಚಾಯತಿ, ಪುರಸಭೆಗಳನ್ನು ಸಂವಿಧಾನದೊಳಗೆ ತಂದಾಗ ಅವಧಿ ಕೊಟ್ಟರು, ಮೀಸಲಾತಿ ಕೊಟ್ಟರು, ಚುನಾವಣಾ ಆಯೋಗ ಕೊಟ್ಟರು. ಆ ಛತ್ರಿಯನ್ನು ಮಾತ್ರ ಕೊಡಲಿಲ್ಲ. ನಾಗಪುರದ ಸದನದಲ್ಲಿ ಕೂತ ಶಾಸಕರ ಮತ ಛತ್ರಿಯ ಕೆಳಗೆ, ಅವರ ರಾಜ್ಯದ್ದೇ ಗಡಿ ಹಳ್ಳಿಯ ಸದಸ್ಯರ ಮತ ಬಯಲಿನಲ್ಲಿ.

ಆಳಂದದ ಹಿರಿಯರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನೆ ಕೇಳಿದರು. ಅವರ ತಂಗಿಯನ್ನು ಕೊಟ್ಟದ್ದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಗಂತೆ, ನನಗೆ ಅದುವರೆಗೆ ಗೊತ್ತಿರಲಿಲ್ಲ. "ನಮ್ಮ ಅಳಿಯ ಆ ಸಲ ಪಂಚಾಯತಿ ಮೆಂಬರ್ ಇದ್ದ ನೋಡ್ರಿ. ಕೈ ಎತ್ತಿದ್ದ. ಆಮ್ಯಾಲ ಇನ್ನೊಂದು ಸಲ ಕೈ ಎತ್ತಿ, ಮೊದಲಿಂದು ವಾಪಸ್ ಅಂದ." ಸ್ವಲ್ಪ ತಡೆದು ಕೇಳಿದರು, "ಬೆಳಗಾವ್ಯಾಗ ಆದಾಗ ನೀವೇನಂದಿದ್ರಿ ಅಣ್ಣಾರ?"

ಚಹಾ, ಬಿಸ್ಕತ್ತಿನ ವಿಷಯ ಹೇಳಿದೆ. ನಕ್ಕರು. ತಾವು ಆ ದಿನ ಪಟಾಕಿ ಹೊಡೆದಿದ್ದೆ ಎಂದರು.